ಹಕ್ಕಿ ಹಿಕ್ಕೆಯ ಲೆಕ್ಕ: ವೇಡಂತಾಂಗಲ್‌ನಿಂದ ಕೊಕ್ಕರೆ ಬೆಳ್ಳೂರಿಗೆ

ಶೋಲಿಂಗನಲ್ಲೂರು, ಪೆರುಂಗುಡಿ, ತಾಂಬರಂ ಅಂತ ಎಲ್ಲೆಲ್ಲಿಂದಲೋ ಭಾನುವಾರದ ನಿದ್ದೆ ಬಿಟ್ಟು ಬಂದಿದ್ದೀರಿ. ಕಾಫಿ ಇನ್ನೂ ಬರ್ತಾ ಇದೆ, ಅಲ್ಲೀವರೆಗೆ ನಾನು ಮಾತಾಡ್ತಾ ಇರ್ತೀನಿ.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ನಾನು ಕೃಷಿ ತಜ್ಞ ಅಲ್ಲ, ಪಕ್ಷಿ ತಜ್ಞನೂ ಅಲ್ಲ. ನಿಮ್ಮ ಹಾಗೇ ಓಎಂಆರ್‌ನಲ್ಲಿ ಕೂತು ಕೋಡ್ ಬರೆಯೋನು. ಊರು ಮದ್ದೂರು ತಾಲ್ಲೂಕು, ಕೊಕ್ಕರೆ ಬೆಳ್ಳೂರಿಂದ ಹತ್ತು ಹನ್ನೆರಡು ಕಿಲೋಮೀಟರು. ಅಪ್ಪ ಇವತ್ತಿಗೂ ಬೇಸಾಯ ಮಾಡ್ತಾರೆ. ಮೂರು ವರ್ಷದಿಂದ ನನಗೂ ಅಪ್ಪನಿಗೂ ಒಂದು ಜಗಳ ನಡೀತಾ ಇದೆ, ಗೊಬ್ಬರದ ಬಗ್ಗೆ, ಔಷಧಿಯ ಬಗ್ಗೆ. ಆ ಜಗಳ ಶುರುವಾಗಿದ್ದು ಮದ್ದೂರಲ್ಲಿ ಅಲ್ಲ, ಇಲ್ಲೇ ಚೆನ್ನೈ ಪಕ್ಕದಲ್ಲಿ.

ಚೆಂಗಲ್ಪಟ್ಟು ದಾಟಿ ಪಡಾಳಂ ಹತ್ರ ಬಲಕ್ಕೆ ತಿರುಗಿದ್ರೆ ವೇಡಂತಾಂಗಲ್ ಪಕ್ಷಿಧಾಮ ಸಿಗುತ್ತೆ. ಇಲ್ಲಿಂದ ಹತ್ರ ಹತ್ರ ಎರಡು ಗಂಟೆ ದಾರಿ. ನಿಮ್ಮಲ್ಲಿ ಅರ್ಧ ಜನ ಆಫೀಸ್ ಔಟಿಂಗ್‌ಗೆ ಹೋಗಿರ್ತೀರಿ. ನಾನೂ ಹಾಗೇ ಹೋಗಿದ್ದು, ಒಂದು ಜನವರಿಯಲ್ಲಿ. ಹೆಸರು ಕೇಳಿದಾಗಲೇ ನನಗೆ ಕಿವಿ ನೆಟ್ಟಗಾಯ್ತು. ವೇಡನ್ ಅಂದ್ರೆ ನಮ್ಮ ಬೇಡ. ಬೇಡರ ತಂಗುದಾಣ. ಬೇಟೆಗಾರರ ಹೆಸರಿನ ಊರು ಹಕ್ಕಿ ಕಾಯುವ ಊರಾಗಿದೆ. ಇನ್ನೊಂದು ತಮಾಷೆ, ತಮಿಳಲ್ಲಿ ಏರಿ ಅಂದ್ರೆ ಇಡೀ ಕೆರೆ. ನಮ್ಮ ಕಡೆ ಏರಿ ಅಂದ್ರೆ ಕೆರೆಯ ಕಟ್ಟೆ ಮಾತ್ರ. ಹಾಗಾಗಿ ಗೈಡು 'ಏರಿಯೊಳಗೆ ಹಕ್ಕಿ' ಅಂದಾಗ ನಾನು ಕಟ್ಟೆ ಮಣ್ಣಲ್ಲಿ ಬಿಲ ಹುಡುಕ್ತಾ ಇದ್ದೆ.

ಮೂವತ್ತು ಹೆಕ್ಟೇರಿನ ಕೆರೆ, ಅಷ್ಟೇ. ನೀರೊಳಗೇ ನಿಂತ ಮರಗಳು. ಅದರ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯ್ಕಳಕ, ಚಮಚ ಕೊಕ್ಕಿನವು, ನೀರುಕಾಗೆ. ಗಲಾಟೆ ಅಂದ್ರೆ ಗಲಾಟೆ. ಮರದ ಎಲೆಯೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ನನ್ನ ಟೀಮಿನ ಹುಡುಗರು ಮೂಗು ಮುಚ್ಚಿಕೊಂಡ್ರು. ಕಟ್ಟೆ ಮೇಲೆ ಕೂತಿದ್ದ ಒಬ್ಬ ವಯಸ್ಸಾದ ರೈತರು ಅದನ್ನ ನೋಡಿ ನಕ್ಕು, ಕೆರೆ ಕಡೆ ಕೈ ತೋರಿಸಿ, ತಮಿಳಲ್ಲಿ ಒಂದೇ ಮಾತು ಹೇಳಿದ್ರು: ಇದೇ ನಮ್ಮ ಯೂರಿಯಾ.

ಅದು ಜೋಕ್ ಅಲ್ಲ. ಈ ಊರಿನ ಕಥೆ ಹಾಗೇ ಇರೋದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸಿಪಾಯಿಗಳು ಇಲ್ಲಿ ಹಕ್ಕಿ ಹೊಡೀತಾ ಇದ್ದಾಗ ಊರಿನ ರೈತರು ಹೋಗಿ ಕಲೆಕ್ಟರ್ ಹತ್ರ ದೂರು ಕೊಟ್ಟರು. ಲಯನೆಲ್ ಪ್ಲೇಸ್ ಅಂತ ಕಲೆಕ್ಟರ್. ಇಲ್ಲಿ ಯಾರೂ ಹಕ್ಕಿ ಹೊಡೆಯಕೂಡದು ಅಂತ 1798ರಲ್ಲಿ ಊರವರಿಗೆ ಬರೆದುಕೊಟ್ಟ ಪತ್ರದ ದಾಖಲೆ ಇದೆ. ಗಮನಿಸಿ, ಆಗ ವನ್ಯಜೀವಿ ಕಾಯ್ದೆ ಇಲ್ಲ, ಪರಿಸರವಾದ ಅನ್ನೋ ಪದ ಇಲ್ಲ. ಹಕ್ಕಿ ಚೆಂದ ಅಂತ ರೈತರು ದೂರು ಕೊಡಲಿಲ್ಲ. ಹಕ್ಕಿ ಹೋದ್ರೆ ಗದ್ದೆಗೆ ಗೊಬ್ಬರ ಹೋಗುತ್ತೆ ಅಂತ ಕೊಟ್ಟರು. ಸರ್ಕಾರ ಅದನ್ನ ಪಕ್ಷಿಧಾಮ ಅಂತ ಗುರುತಿಸಿದ್ದು 1936ರಲ್ಲಿ. ರಾಮ್ಸರ್ ಪಟ್ಟಿಗೆ ಸೇರಿದ್ದು 2022ರಲ್ಲಿ, ಅದೇ ವರ್ಷ ನಮ್ಮ ರಂಗನತಿಟ್ಟೂ ಸೇರಿತು.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನನಗೆ ಇಡೀ ವಿಷಯದಲ್ಲಿ ತಲೆ ಕೆಡಿಸಿದ್ದು ಇದೇ.

ಹಕ್ಕಿ ಗೂಡು ಕಟ್ಟೋದು ಈ ಒಂದು ಕೆರೆಯಲ್ಲಿ. ಆದ್ರೆ ಅಷ್ಟು ಹಕ್ಕಿಗೆ, ಅದರ ಮರಿಗಳಿಗೆ ಸಾಕಾಗೋ ಮೀನು ಈ ಸಣ್ಣ ಕೆರೆಯಲ್ಲಿ ಇಲ್ಲ. ಬೆಳಗಾದ್ರೆ ಅವು ಸುತ್ತಮುತ್ತಲಿನ ಹತ್ತಾರು ಕೆರೆಗಳಿಗೆ, ಗದ್ದೆಗಳಿಗೆ ಹಾರಿ ಹೋಗ್ತವೆ. ಮೀನು, ಕಪ್ಪೆ, ಏಡಿ, ಹುಳು ತಿಂತವೆ. ಬಾಯ್ಕಳಕ ಅಂತೂ ಗದ್ದೆಯ ಬಸವನಹುಳು ತಿನ್ನೋದಕ್ಕೇ ಹೇಳಿ ಮಾಡಿಸಿದ ಕೊಕ್ಕಿಟ್ಟುಕೊಂಡು ಹುಟ್ಟಿದೆ. ಸಂಜೆ ವಾಪಸ್ ಬಂದು ಮರಿಗೆ ಕಕ್ಕಿ ತಿನ್ನಿಸ್ತವೆ, ಹಿಕ್ಕೆ ಹಾಕ್ತವೆ. ಅಂದ್ರೆ ಸುತ್ತಲ ನೆಲದಲ್ಲಿ ಚೆದುರಿ ಬಿದ್ದಿರೋ ಸಾರಜನಕ, ರಂಜಕ ಎಲ್ಲವನ್ನೂ ಹೊತ್ತು ತಂದು ಒಂದೇ ಕೆರೆಗೆ ಸುರೀತವೆ. ಆ ನೀರು ತೂಬಿಂದ ಹೊರಗೆ ಬಂದು ಗದ್ದೆಗೆ ಹರಿಯುತ್ತೆ. ಲಾರಿ ಇಲ್ಲ, ಡೀಸೆಲ್ ಇಲ್ಲ, ಸೊಸೈಟಿ ಮುಂದೆ ಕ್ಯೂ ಇಲ್ಲ.

ಈಗ ಇದನ್ನೇ ಹಿಂದಿನಿಂದ ಓದಿ. ಸುತ್ತಲ ಗದ್ದೆಗಳಲ್ಲಿ ಕಪ್ಪೆ ಇಲ್ಲ, ಕೆರೆಗಳಲ್ಲಿ ಮೀನಿಲ್ಲ ಅಂದ್ರೆ ಏನಾಗುತ್ತೆ? ಪಕ್ಷಿಧಾಮಕ್ಕೆ ಬೇಲಿ ಹಾಕಿ, ಗೇಟಲ್ಲಿ ಟಿಕೆಟ್ ಹರಿದು, ವಾಚ್‌ಟವರ್ ಕಟ್ಟಿದ್ರೆ ಹಕ್ಕಿಗೆ ಊಟ ಸಿಗಲ್ಲ. ಮೂವತ್ತು ಹೆಕ್ಟೇರು ಬರೀ ಬೆಡ್‌ರೂಮು. ಅಡುಗೆಮನೆ ಇರೋದು ರೈತರ ಜಮೀನಲ್ಲಿ. 2020ರಲ್ಲಿ ಇಲ್ಲಿನ ಐದು ಕಿಲೋಮೀಟರ್ ತ್ರಿಜ್ಯದ ರಕ್ಷಿತ ವಲಯವನ್ನ ಮೂರು ಕಿಲೋಮೀಟರ್‌ಗೆ ಇಳಿಸೋ ಪ್ರಸ್ತಾವ ಬಂದಾಗ ಅಷ್ಟೊಂದು ವಿರೋಧ ಬಂದಿದ್ದು ಈ ಕಾರಣಕ್ಕೇ. ಹೊರಗಿನ ಎರಡು ಕಿಲೋಮೀಟರಲ್ಲಿ ಗೂಡಿಲ್ಲ ನಿಜ, ಅನ್ನ ಇದೆ.

ಆ ದಿನ ಕಟ್ಟೆ ಮೇಲೆ ನಿಂತು ನನಗೆ ನಮ್ಮ ಊರು ನೆನಪಾಯ್ತು. ನೆನಪಾಗಿ ನಾಚಿಕೆಯೂ ಆಯ್ತು.

ಕೊಕ್ಕರೆ ಬೆಳ್ಳೂರು ನಿಮಗೆಲ್ಲ ಗೊತ್ತು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಮದ್ದೂರಿಗೆ ಮುಂಚೆ ಎಡಕ್ಕೆ ಹೋಗಬೇಕು. ಶಿಂಷಾ ನದಿ ಪಕ್ಕ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟೋದು ಕೆರೆಯಲ್ಲಲ್ಲ, ಊರೊಳಗೆ, ಮನೆ ಮುಂದಿನ ಹುಣಸೆ ಮರದಲ್ಲಿ, ಅರಳಿ ಮರದಲ್ಲಿ. ಹಕ್ಕಿ ಬಂದ್ರೆ ಹೆರಿಗೆಗೆ ಮಗಳು ತವರಿಗೆ ಬಂದ ಹಾಗೆ ಅಂತಾರೆ ಊರವರು. ಹಿಂದೆ ಪ್ಲೇಗು ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. 1976ರಲ್ಲಿ ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳ್ ಅವರು ಈ ಊರನ್ನ ಹೊರಜಗತ್ತಿಗೆ ತೋರಿಸಿಕೊಟ್ಟರು. ಗೂಡಿರೋ ಮರದಲ್ಲಿ ಹುಣಸೆ ಫಸಲು ನಷ್ಟ ಆಗುತ್ತಲ್ಲ, ಅದಕ್ಕೆ ಮರದ ಯಜಮಾನರಿಗೆ ಪರಿಹಾರ ಕೊಡೋ ವ್ಯವಸ್ಥೆ ಬಂತು. ಆಮೇಲೆ ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿಂದ ಬಿದ್ದ ಮರಿ ಸಾಕ್ತಾ ಬಂದ್ರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯ್ತು.

ಅಲ್ಲೂ ಗೊಬ್ಬರದ್ದೇ ವ್ಯವಹಾರ. ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ಮಣ್ಣು ತುಂಬಿಸಿ ಬಿಡೋರು. ಮೇಲಿಂದ ಹಿಕ್ಕೆ ಬಿದ್ದು ಬಿದ್ದು, ಹಕ್ಕಿ ಹೋಗೋ ಹೊತ್ತಿಗೆ ಅದು ಬಂಗಾರದಂಥ ಗೊಬ್ಬರ. ಸ್ವಂತ ಹೊಲಕ್ಕೂ ಹಾಕೋರು, ಮಾರೋರೂ ಕೂಡ. ಹುಣಸೆಯಲ್ಲಿ ಹೋಗಿದ್ದು ಗೊಬ್ಬರದಲ್ಲಿ ಸ್ವಲ್ಪ ಬರೋದು.

ನಮ್ಮ ಅಜ್ಜಿ ಆ ಕಡೆಯೋರು. ಹೆಜ್ಜಾರ್ಲೆ ನಮ್ಮೂರ ಮೇಲೆ ಹಾರಿ ಹೋದ್ರೆ ಹೊಸಿಲಿಗೆ ಬಂದು ಕೈ ಮುಗಿಯೋರು. ಅದೇ ಅಜ್ಜಿ ಬದುಕಿದ್ದಾಗಲೇ ನಡೆದ ಒಂದು ಘಟನೆ ಹೇಳ್ತೀನಿ.

ನಾನು ಏಳನೇ ಕ್ಲಾಸು. ಭತ್ತಕ್ಕೆ ಕಾಂಡಕೊರಕ ಬಿದ್ದಿತ್ತು. ಅಪ್ಪ ಅಂಗಡಿಯಿಂದ ಹರಳು ಔಷಧಿ ತಂದು, ಮರಳಲ್ಲಿ ಕಲಸಿ ಗದ್ದೆಗೆ ಎರಚಿದ್ರು. ಫೋರೇಟ್ ಅಂತ, ಆಗ ಎಲ್ಲರೂ ಅದನ್ನೇ ಹಾಕ್ತಾ ಇದ್ದಿದ್ದು. ಮಾರನೇ ದಿನ ಸ್ಕೂಲಿಂದ ಬರೋವಾಗ ನೋಡ್ತೀನಿ, ಬದುವಿನ ಮೇಲೆ ಬೆಳ್ಳಕ್ಕಿ ಬಿದ್ದಿವೆ. ಸತ್ತ ಏಡಿ, ಮೀನು ತಿಂದಿದ್ವು. ಹನ್ನೊಂದು, ಎಣಿಸಿದ್ದು ನಾನೇ. ಒಂದು ಇನ್ನೂ ರೆಕ್ಕೆ ಆಡಿಸ್ತಾ ಇತ್ತು. ಅಪ್ಪ ಮಾತಾಡದೆ ಗುದ್ದಲಿ ತಂದು ಹೂತರು. ಅಜ್ಜಿ ಎರಡು ದಿನ ಅಪ್ಪನ ಹತ್ರ ಮಾತು ಬಿಟ್ಟಿದ್ರು. ಮುಂದಿನ ಬೆಳೆಗೂ ಅಪ್ಪ ಅದೇ ಹರಳು ಹಾಕಿದ್ರು, ಯಾಕಂದ್ರೆ ಬೇರೆ ದಾರಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಫೋರೇಟ್ ಅನ್ನ ದೇಶದಲ್ಲಿ ನಿಷೇಧ ಮಾಡಿದ್ದು 2020ರ ಡಿಸೆಂಬರ್ 31ರಿಂದ. ಅಷ್ಟರಲ್ಲಿ ನಾನು ಎಂ.ಟೆಕ್. ಮುಗಿಸಿ, ಕೆಲಸಕ್ಕೆ ಸೇರಿ, ಎರಡು ಕಂಪನಿ ಬದಲಿಸಿ ಆಗಿತ್ತು.

ಔಷಧಿ ಅನ್ನೋ ಪದ ನೋಡಿ. ವಿಷಕ್ಕೆ ನಮ್ಮಲ್ಲಿ ಔಷಧಿ ಅಂತಾರೆ, ಇಲ್ಲಿ ಮರುಂದು ಅಂತಾರೆ, ಅರ್ಥ ಅದೇ. ಎರಡು ಭಾಷೆಯವರಿಗೂ ಒಂದೇ ಮೋಸ.

ಈ ಮೋಸದ ದೊಡ್ಡ ಲೆಕ್ಕ ತೀರಿಸಿದವರು ಕಾಸರಗೋಡಿನ ನಮ್ಮ ಜನ. ಪಡ್ರೆ, ಎಣ್ಮಕಜೆ ಕಡೆ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಸುರಿದರು. ಮೊದಲು ಹೇಳಿದ್ದು ಜೇನುನೊಣ. ಗೂಡು ಖಾಲಿ ಆಯ್ತು. ಕೈಕಾಲು ಸೊಟ್ಟಗಿರೋ ಕರುಗಳು ಹುಟ್ಟಿದವು. ಅಲ್ಲಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ ಎಪ್ಪತ್ತರ ದಶಕದ ಕೊನೆಗೇ ಅದರ ಬಗ್ಗೆ ಬರೆದರು. ಆಮೇಲೆ ಮಕ್ಕಳ ಸರದಿ. ಊರಿನ ಡಾಕ್ಟರ್ ವೈ. ಎಸ್. ಮೋಹನ್ ಕುಮಾರ್ ತಮ್ಮ ಹತ್ರ ಬರೋ ರೋಗಿಗಳನ್ನ ನೋಡಿ ನೋಡಿ ಇದು ಸಹಜ ಅಲ್ಲ ಅಂತ ಎಚ್ಚರಿಸಿದರು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಜೇನು ಸತ್ತಾಗಲೇ ಕೇಳಿಸಿಕೊಂಡಿದ್ರೆ ಅನ್ನಿಸುತ್ತೆ. ನಮ್ಮ ಕೆಲಸದಲ್ಲಿ ಮಾನಿಟರಿಂಗ್ ಅಲರ್ಟ್ ಬಂದಾಗ 'ಫಾಲ್ಸ್ ಅಲಾರಂ' ಅಂತ ಮ್ಯೂಟ್ ಮಾಡ್ತೀವಲ್ಲ, ಹಾಗೆ ಮ್ಯೂಟ್ ಮಾಡಿದ್ರು.

ಸರಿ, ಜಗಳಕ್ಕೆ ಬರ್ತೀನಿ. ವೇಡಂತಾಂಗಲ್‌ನಿಂದ ಬಂದ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ, 'ಈ ಸಲ ಯೂರಿಯಾ ಬೇಡ, ಔಷಧಿ ಬೇಡ, ನಷ್ಟ ಆದ್ರೆ ನಾನು ತುಂಬಿಕೊಡ್ತೀನಿ' ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಳೆ ಯಾರ್ಲಾ ಕೀಳೋರು? ನಿನ್ ಎಂಟೆಕ್ಕಿಗೆ ಕಳೆ ಕೀಳಕ್ ಬತ್ತದಾ?' ಅಂದ್ರು.

ನಗಬೇಡಿ, ಅದು ಬಹಳ ಸರಿಯಾದ ಪ್ರಶ್ನೆ. ನಾನು ಎಕ್ಸೆಲ್ ಶೀಟ್ ಹಾಕಿ ಕೂತೆ. 45 ಕಿಲೋ ಯೂರಿಯಾ ಮೂಟೆಗೆ ಸುಮಾರು 270 ರೂಪಾಯಿ. ಕಿಲೋಗೆ ಆರು ರೂಪಾಯಿ. ಇಲ್ಲಿ ನಾವು ಒಂದು ಲೀಟರ್ ನೀರಿನ ಬಾಟಲಿಗೆ ಇಪ್ಪತ್ತು ಕೊಡ್ತೀವಿ. ಸರ್ಕಾರ ಸಬ್ಸಿಡಿ ಕೊಟ್ಟು ಯೂರಿಯಾವನ್ನ ನೀರಿಗಿಂತ ಅಗ್ಗ ಮಾಡಿದೆ. ಅದನ್ನ ಬಿಟ್ಟು ಉಳಿಸೋದು ಎಷ್ಟು? ಏನೂ ಇಲ್ಲ. ರಾಸಾಯನಿಕ ಬಿಟ್ಟರೆ ಖರ್ಚು ಶೂನ್ಯ ಅಂತ ಭಾಷಣ ಮಾಡೋರು ಕೂಲಿ ಲೆಕ್ಕ ಬರೆಯೋದೇ ಇಲ್ಲ. ಕಳೆನಾಶಕ ಬಿಟ್ಟರೆ ಕಳೆ ತೆಗೆಯೋಕೆ ಹೆಣ್ಣಾಳು ಬೇಕು, ನಾಟಿ ಸಮಯದಲ್ಲಿ ಆಳು ಸಿಗಲ್ಲ. ಸಗಣಿ ಗೊಬ್ಬರ ಅಂದ್ರೆ ಹಸು ಬೇಕು, ಹಸು ಅಂದ್ರೆ ಮನೆಯಲ್ಲಿ ಜನ ಬೇಕು. ಆ ಜನ ಎಲ್ಲಿದ್ದಾರೆ? ಈ ಹಾಲ್‌ನಲ್ಲಿ ಕೂತಿದ್ದಾರೆ.

ಹಾಗಾಗಿ ನಾನು ಓದೋಕೆ ಶುರು ಮಾಡಿದೆ. ಎರಡು ದೇಶದ ಕಥೆ ನನ್ನ ತಲೆಯನ್ನ ಸ್ವಲ್ಪ ತಿಳಿಗೊಳಿಸಿದವು. ಒಂದು ಶ್ರೀಲಂಕಾ. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರ ಆಮದು ರಾತ್ರೋರಾತ್ರಿ ನಿಲ್ಲಿಸಿದರು. ಮಣ್ಣು ತಯಾರಿಲ್ಲ, ಬದಲಿ ಗೊಬ್ಬರ ಇಲ್ಲ. ಭತ್ತದ ಇಳುವರಿ ಬಿತ್ತು, ರೈತರು ಬೀದಿಗಿಳಿದರು, ನವೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರಿಯಿತು.

ಇನ್ನೊಂದು ಇಂಡೋನೇಷ್ಯಾ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಬಿದ್ದು ಗದ್ದೆಗದ್ದೆಯೇ ಸುಟ್ಟ ಹಾಗೆ ಆಗ್ತಿತ್ತು. ಎಷ್ಟು ಔಷಧಿ ಹೊಡೆದರೂ ಜಾಸ್ತಿಯೇ ಆಯ್ತು. ವಿಜ್ಞಾನಿಗಳು ನೋಡಿದರೆ, ಔಷಧಿ ಸಾಯಿಸ್ತಾ ಇದ್ದಿದ್ದು ಜಿಗಿಹುಳು ತಿನ್ನೋ ಜೇಡಗಳನ್ನ. ಜಿಗಿಹುಳದ ಮೊಟ್ಟೆ ಕಾಂಡದೊಳಗೆ ಭದ್ರ, ಅದು ಒಡೆದು ಬರೋ ಹೊತ್ತಿಗೆ ಗದ್ದೆಯಲ್ಲಿ ಪೊಲೀಸರೇ ಇಲ್ಲ. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ 57 ಕೀಟನಾಶಕಗಳನ್ನ ಒಂದೇ ಆದೇಶದಲ್ಲಿ ನಿಷೇಧ ಮಾಡಿದರು. ಭತ್ತದ ಉತ್ಪಾದನೆ ಕುಸಿಯಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದಿದ್ದು, ನಾವು ಗೊಬ್ಬರ ಮತ್ತು ವಿಷ ಎರಡನ್ನೂ 'ರಾಸಾಯನಿಕ' ಅನ್ನೋ ಒಂದೇ ಚೀಲಕ್ಕೆ ಹಾಕಿ ಜಗಳ ಆಡ್ತೀವಿ. ಯೂರಿಯಾ ಬಿಡೋದು ನಿಧಾನದ ಕೆಲಸ. ಮಣ್ಣಿಗೆ ಸಾವಯವ ಅಂಶ ವಾಪಸ್ ಬರೋಕೆ ವರ್ಷಗಳು ಬೇಕು. ವಿಷವನ್ನ ಮಾತ್ರ ಭತ್ತದ ಗದ್ದೆಯಲ್ಲಿ ಬಹುತೇಕ ಈ ಬೆಳೆಗೇ ಬಿಡಬಹುದು, ಕಪ್ಪೆ, ಜೇಡ, ಏರೋಪ್ಲೇನ್ ಚಿಟ್ಟೆ, ಬೆಳ್ಳಕ್ಕಿ ವಾಪಸ್ ಬರೋಕೆ ಬಿಟ್ಟರೆ. ಬೆಳ್ಳಕ್ಕಿಯನ್ನ ಸಾಯಿಸಿದ್ದು ಯೂರಿಯಾ ಅಲ್ಲವಲ್ಲ.

ಹೀಗೆ ಅಂತ ಅಪ್ಪನಿಗೆ ಹೇಳಿದೆ. 'ಅಂಗ್ ಹೇಳು ಮತ್ತೆ' ಅಂದ್ರು. ಇಪ್ಪತ್ತು ಗುಂಟೆ ನನಗೆ ಬಿಟ್ಟುಕೊಟ್ಟರು. ನನಗೆ ಅಂದ್ರೆ, ಮಾಡೋದು ಅವರೇ.

ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಬಗ್ಗೆ ಕೇಳಿರ್ತೀರಿ. ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕು. ಸಾವಿರಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿಕೊಂಡು ಬಂದಿದ್ದಾರೆ. ಅಂಥವರ ಕೆಲಸ ನೋಡಿ ನಾವು ರಾಜಮುಡಿ ಹಾಕಿದೆವು. ಎತ್ತರಕ್ಕೆ ಬೆಳೆಯುತ್ತೆ, ಕಳೆಗೆ ಸ್ವಲ್ಪ ನೆರಳು ಕವಿಯುತ್ತೆ. ನಾಟಿಗೆ ಮುಂಚೆ ಸೆಣಬು ಬಿತ್ತಿ ಉತ್ತರು, ಹೊಂಗೆ ಸೊಪ್ಪು ತುಳಿದರು. ಜೀವಾಮೃತಕ್ಕೆ ಸಗಣಿ, ಗಂಜಲ, ಬೆಲ್ಲ, ಹಿಟ್ಟು. ಮಂಡ್ಯದಲ್ಲಿ ಬೆಲ್ಲಕ್ಕೇನು ಬರ. ವಿಷ ಪೂರ್ತಿ ಬಂದ್. ಯೂರಿಯಾ ಮೊದಲ ವರ್ಷ ಅರ್ಧ ಹಾಕಿದರು, ನಾನು ಸುಮ್ಮನಿದ್ದೆ.

ಮೊದಲ ವರ್ಷ ಇಳುವರಿ ಕಡಿಮೆ ಬಂತು. ಪಕ್ಕದ ಹೈಬ್ರಿಡ್ ಗದ್ದೆ ಮುಂದೆ ನಮ್ಮದು ಬಡವಾಗಿ ಕಾಣ್ತಿತ್ತು. ಕಳೆಗೆ ಆಳಿನ ಖರ್ಚು ನಾನು ಕಳಿಸಿದೆ, ಅದನ್ನ ಕೃಷಿಯ ಲಾಭ ಅಂತ ಹೇಳೋಕೆ ಆಗಲ್ಲ. ಎರಡನೇ ವರ್ಷ ಬೇರೆ ಆಯ್ತು, ಬೆಲೆಯಿಂದ. ಮಿಲ್ಲಿಗೆ ಭತ್ತ ಹಾಕದೆ ಅಕ್ಕಿ ಮಾಡಿಸಿ, ಚೀಲಗಳನ್ನ ಬಸ್ಸಲ್ಲಿ ತಂದು, ಇಲ್ಲಿ ನನ್ನ ಅಪಾರ್ಟ್‌ಮೆಂಟಿನ ಒಂಬತ್ತು ಮನೆಗೆ ಕೊಟ್ಟೆ. ಅದರಲ್ಲಿ ಆರು ತಮಿಳು ಮನೆ. ಕೆಂಪಕ್ಕಿ ಇಡ್ಲಿಗೆ ಚೆನ್ನಾಗಿದೆ ಅಂತ ಮತ್ತೆ ಕೇಳಿದರು. ಕೂಲಿ, ಬಸ್ ಚಾರ್ಜ್ ಎಲ್ಲ ಕಳೆದ ಮೇಲೂ ಆ ಇಪ್ಪತ್ತು ಗುಂಟೆ ಅಪ್ಪನ ಕೈಗೆ ಪಕ್ಕದ ಗದ್ದೆಗಿಂತ ಜಾಸ್ತಿ ಕೊಟ್ಟಿತು. ಬಹಳ ಅಲ್ಲ. ಆದ್ರೆ ಜಾಸ್ತಿ.

ಆದ್ರೆ ಇದು ಒಂಬತ್ತು ಮನೆಯ ಕಥೆ. ಊರಿನ ಎಲ್ಲರ ಅಕ್ಕಿಯೂ ಹೀಗೆ ಬಸ್ಸಲ್ಲಿ ಬರೋಕಾಗಲ್ಲ. ಅದಕ್ಕೆ ಸಂಘ ಬೇಕು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಮಧುಚಂದನ್ 2015ರಲ್ಲಿ ಆರ್ಗ್ಯಾನಿಕ್ ಮಂಡ್ಯ ಕಟ್ಟಿದ್ದು ಈ ತೊಂದರೆಗೇ, ರೈತರನ್ನ ಒಟ್ಟು ಮಾಡಿ ಹೆದ್ದಾರಿ ಪಕ್ಕ ಅಂಗಡಿ ಹಾಕಿ. ಸರ್ಟಿಫಿಕೇಟ್ ಕೂಡ ಒಬ್ಬೊಬ್ಬರೇ ಮಾಡಿಸಿದರೆ ದುಬಾರಿ. ಪಿಜಿಎಸ್ ಅಂತ ಇದೆ, ಕನಿಷ್ಠ ಐದು ರೈತರು ಗುಂಪು ಸೇರಿ ಒಬ್ಬರ ಜಮೀನನ್ನ ಇನ್ನೊಬ್ಬರು ಪರೀಕ್ಷೆ ಮಾಡ್ತಾರೆ. ಒಂಥರ ಪೀರ್ ರಿವ್ಯೂ. ಅಪ್ಪನಿಗೆ ಇಬ್ಬರು ಸಿಕ್ಕಿದ್ದಾರೆ, ಇನ್ನಿಬ್ಬರು ಬೇಕು.

ಹಕ್ಕಿಗಳ ಸ್ಥಿತಿ ಏನು ಅಂತ ಕೇಳ್ತೀರಿ. 2017ರ ಕೊನೆಯಿಂದ 2018ರ ಆರಂಭದವರೆಗೆ ಕೊಕ್ಕರೆ ಬೆಳ್ಳೂರಲ್ಲಿ ಸಾಲು ಸಾಲು ಹೆಜ್ಜಾರ್ಲೆ ಸತ್ತವು. ಹೊಟ್ಟೆಯಲ್ಲಿ ದುಂಡುಹುಳು ತುಂಬಿಕೊಂಡಿತ್ತು. ಆ ಹುಳು ಬರೋದು ತಿನ್ನೋ ಮೀನಿನಿಂದ. ಮೀನು ಬರೋದು ತೈಲೂರು ಕೆರೆ, ಮದ್ದೂರು ಕೆರೆ, ಶಿಂಷಾ ಇಂಥ ಕಡೆಯಿಂದ. ಮತ್ತೆ ಅದೇ ಅಡುಗೆಮನೆ ಪ್ರಶ್ನೆ. ಇಪ್ಪತ್ತು ಗುಂಟೆ ಗದ್ದೆಯಿಂದ ಹೆಜ್ಜಾರ್ಲೆ ಉಳಿಯುತ್ತೆ ಅಂತ ನಾನು ಹೇಳಲ್ಲ, ಹೇಳಿದರೆ ಸುಳ್ಳಾಗುತ್ತೆ. ನಮ್ಮ ಬದುವಿನ ಮೇಲೆ ಬೆಳ್ಳಕ್ಕಿ ಮಾತ್ರ ಬಂದಿವೆ. ರಾತ್ರಿ ಫೋನ್ ಮಾಡಿದರೆ ಹಿಂದೆ ಕಪ್ಪೆ ಸದ್ದು ಕೇಳುತ್ತೆ, ಅಪ್ಪ 'ಏನ್ ಹೇಳ್ದೆ, ಕೇಳಕಿಲ್ಲ' ಅಂತ ಮನೆಯೊಳಗೆ ಹೋಗ್ತಾರೆ.

ಹೋದ ವಾರ ಫೋನ್ ಮಾಡಿದ್ರು. ಪಕ್ಕದ ಗದ್ದೆಯವರು ಜಿಗಿಹುಳಕ್ಕೆ ಡ್ರೋನಲ್ಲಿ ಔಷಧಿ ಹೊಡೆಸ್ತಾರಂತೆ, ಗಾಳಿ ನಮ್ಮ ಕಡೆಗೇ ಬೀಸ್ತದೆ, ಏನು ಮಾಡೋದು ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. 'ಅವರ ಹತ್ರ ಮಾತಾಡಿ ನೋಡಪ್ಪ' ಅಂದೆ. 'ಆಡ್ದೆ ಕಣ್ಲಾ. ಗಾಳಿ ತಿರುಗೋಗಂಟ ಕಾಯ್ತೀನಿ ಅಂದವ್ನೆ. ಕಾಯ್ತಾನೋ ಇಲ್ವೋ, ಬದ ಮೇಲೇ ಕೂತಿರ್ತೀನಿ' ಅಂದ್ರು.

ಮುಂದಿನ ಭಾನುವಾರ ವೇಡಂತಾಂಗಲ್‌ಗೆ ಹೋಗೋಣ ಅಂತಿದ್ದೀವಿ. ಬೆಳಗ್ಗೆ ಐದಕ್ಕೆ ತಾಂಬರಂ ಬಸ್ ಸ್ಟ್ಯಾಂಡ್. ಬೈನಾಕ್ಯುಲರ್ ಇದ್ದೋರು ತನ್ನಿ, ಮಕ್ಕಳಿಗೆ ಟೋಪಿ ಹಾಕಿಸಿ, ಕಡುಬಣ್ಣದ ಬಟ್ಟೆ ಬೇಡ. ಕಾಫಿ ಬಂತು ಅನ್ಸುತ್ತೆ. ಪ್ರಶ್ನೆ ಇದ್ದರೆ ಕುಡೀತಾ ಕೇಳಿ.